ಬೀಪ್ ಬಂತು, ಬೆಳಕು ನಿಲ್ಲಲಿಲ್ಲ

ನಮ್ಮ ಹಾಸ್ಟೆಲ್ ಗೇಟಿನ ಸೆಕ್ಯುರಿಟಿ ಅಂಕಲ್ ಹತ್ತಿರ ಒಂದು ಹಳೇ ಎಮರ್ಜೆನ್ಸಿ ಲ್ಯಾಂಪ್ ಇದೆ. ರಾತ್ರಿ ಕರೆಂಟ್ ಹೋದ್ರೆ ಅವರು ರಿಜಿಸ್ಟರ್ ಬರೆಯೋದು ಅದರ ಬೆಳಕಲ್ಲೇ. ಕಳೆದ ತಿಂಗಳು ಅದು ಹತ್ತೇ ನಿಮಿಷಕ್ಕೆ ಆರಿಹೋಗೋಕೆ ಶುರುವಾಯ್ತು. "ಇಂಜಿನಿಯರಿಂಗ್ ಓದೋರಲ್ವಾ, ಸ್ವಲ್ಪ ನೋಡ್ರಪ್ಪಾ" ಅಂದರು. ನಾವು ಮೂವರು ರೂಮಿಗೆ ತಂದು ಬಿಚ್ಚಿದೆವು.

ಒಳಗಿದ್ದದ್ದು 6 ವೋಲ್ಟ್, 4.5 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ. ಅದರ ಎರಡು ಚಪ್ಪಟೆ ಟರ್ಮಿನಲ್‌ಗಳಿಗೆ ಕೆಂಪು, ಕಪ್ಪು ವೈರ್‌ಗಳನ್ನು ಕನೆಕ್ಟರ್ ಹಾಕಿ ಸಿಕ್ಕಿಸಿದ್ದರು. ಮಲ್ಟಿಮೀಟರ್‌ನ ಕಂಟಿನ್ಯುಯಿಟಿ ಮೋಡ್‌ನಲ್ಲಿ ಮುಟ್ಟಿಸಿದರೆ ಎರಡೂ ಕಡೆ ಬೀಪ್ ಬಂತು. "ಬ್ಯಾಟರಿ ಹೋಗಿದೆ ಅಂಕಲ್, ಹೊಸದು ಹಾಕ್ಬೇಕು" ಅಂದುಬಿಟ್ಟೆವು. ಅವರು ಬೆಲೆ ಕೇಳಿ ಸುಮ್ಮನಾದರು. ದುಡ್ಡು ಅವರ ಜೇಬಿಂದಲೇ ಹೋಗಬೇಕಿತ್ತು. ಅದಕ್ಕೇ ಇನ್ನೊಮ್ಮೆ ನೋಡಿದೆವು.

ನಮ್ಮ ತಪ್ಪು ಇಲ್ಲಿತ್ತು: ಎಷ್ಟೋ ಮೀಟರ್‌ಗಳು ಕೆಲವು ಓಮ್ ರೆಸಿಸ್ಟೆನ್ಸ್ ಇದ್ರೂ ಬೀಪ್ ಅನ್ನುತ್ತವೆ. ಬ್ಯಾಟರಿ ಜಾಯಿಂಟ್‌ಗೆ ಅರ್ಧ ಓಮ್ ಕೂಡ ಜಾಸ್ತಿ. ಸರಿಯಾದ ಟೆಸ್ಟ್ ಅಂದ್ರೆ ಲ್ಯಾಂಪ್ ಉರೀತಿರುವಾಗ ಡಿಸಿ ವೋಲ್ಟ್ ಮೋಡ್‌ನಲ್ಲಿ ಒಂದು ಪ್ರೋಬ್ ಬ್ಯಾಟರಿ ಟರ್ಮಿನಲ್ ಮೇಲೆ, ಇನ್ನೊಂದು ಅದೇ ವೈರ್‌ನ ತಾಮ್ರದ ಮೇಲೆ ಇಟ್ಟು ನೋಡೋದು. ಚಾರ್ಜರ್ ಪ್ಲಗ್ ಮಾತ್ರ ಗೋಡೆಯಿಂದ ತೆಗೆದಿರಲೇಬೇಕು.

ಕಪ್ಪು ಕಡೆ 0.02 ವೋಲ್ಟ್ ಬಂತು. ಕೆಂಪು ಕಡೆ 0.68! ಕರೆಂಟ್ ಸುಮಾರು 1 ಆಂಪಿಯರ್. ಅಂದ್ರೆ ಓಮ್ಸ್ ಲಾ ಪ್ರಕಾರ ಆ ಜಾಯಿಂಟ್‌ನಲ್ಲೇ 0.68 ಓಮ್. ಬ್ಯಾಟರಿ 6.1 ವೋಲ್ಟ್ ಕೊಡ್ತಿದ್ರೂ ಬೋರ್ಡ್‌ಗೆ ತಲುಪ್ತಿದ್ದದ್ದು 5.4. ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ಬೋರ್ಡ್ ತಾನೇ ಆಫ್ ಆಗ್ತಿತ್ತು. ಉಳಿದ ಶಕ್ತಿ ಉಗುರಿನಷ್ಟು ಜಾಗದಲ್ಲಿ ಬಿಸಿಯಾಗಿ ಹೋಗ್ತಿತ್ತು. ಬಿಸಿಯಾದಷ್ಟೂ ಲೋಹದ ಮೇಲೆ ಆಕ್ಸೈಡ್ ಜಾಸ್ತಿ, ಆಕ್ಸೈಡ್ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ.

ಕನೆಕ್ಟರ್ ಬದಲಾಯಿಸಿದ್ದು ಹೀಗೆ:

1. ಸ್ವಿಚ್ ಆಫ್ ಮಾಡಿ, ಯಾವ ವೈರ್ ಎಲ್ಲಿದೆ ಅಂತ ಫೋಟೋ ತೆಗೆದೆವು. ಬ್ಯಾಟರಿ ಉಬ್ಬಿದ್ರೆ ಅಥವಾ ಸೋರಿದ್ರೆ ಇಲ್ಲೇ ನಿಲ್ಲಿಸಿ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ, ಬ್ಯಾಟರಿ ಅಂಗಡಿಗೆ ಕೊಡಿ.

2. ಕಪ್ಪು ವೈರ್ ಬಿಚ್ಚಿ ತುದಿಗೆ ಟೇಪ್ ಸುತ್ತಿದೆವು, ಆಮೇಲೆ ಕೆಂಪು. ಎರಡು ಟರ್ಮಿನಲ್ ನಡುವೆ ಸ್ಕ್ರೂಡ್ರೈವರ್ ಬಿದ್ರೆ ಶಾರ್ಟ್ ಆಗಿ ಕೈ ಸುಡುತ್ತೆ. ಲೆಡ್-ಆಸಿಡ್ ಬ್ಯಾಟರಿ ಚಿಕ್ಕದಾದ್ರೂ ಶಾರ್ಟ್ ಆದಾಗ ಭಾರೀ ಕರೆಂಟ್ ಬಿಡುತ್ತೆ.

3. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಗ್ಲೌಸ್ ಹಾಕ್ಕೊಂಡು, ಅಡುಗೆ ಸೋಡಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿದೆವು.

4. ಹಳೇ ಕನೆಕ್ಟರ್ ಕತ್ತರಿಸಿದಾಗ ಒಳಗೆ ತಾಮ್ರ ಕಪ್ಪಾಗಿತ್ತು. ಹೊಳೆಯೋ ತಾಮ್ರ ಸಿಗೋವರೆಗೂ ಕತ್ತರಿಸುತ್ತಾ ಹೋದೆವು.

5. ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ವೈರ್‌ಗೆ ತೂರಿಸಿ. ನಾವು ಮರೆತು ಒಂದು ಕನೆಕ್ಟರ್ ಹಾಳು ಮಾಡಿದೆವು. ಆಮೇಲೆ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ, ಕೈಯಲ್ಲಿ ಜೋರಾಗಿ ಎಳೆದು ನೋಡಿ. ಕಿತ್ತು ಬಂದ್ರೆ ಮತ್ತೆ ಮಾಡಿ. ಬ್ಯಾಟರಿ ಟರ್ಮಿನಲ್‌ಗೆ ನೇರ ಸೋಲ್ಡರ್ ಬೇಡ, ಆ ಬಿಸಿಗೆ ಸುತ್ತಲಿನ ಸೀಲ್ ಹಾಳಾಗಬಹುದು.

6. ಸೈಜ್ ನೋಡಿ ತನ್ನಿ. ಈ ಬ್ಯಾಟರಿಯ ಟರ್ಮಿನಲ್ ಅಗಲ 4.8 ಮಿಲಿಮೀಟರ್. ಅಂಗಡಿಯಲ್ಲಿ 6.3ರದ್ದೂ ಸಿಗುತ್ತೆ. ಅದು ಸಿಕ್ಕಿಕೊಳ್ಳುತ್ತೆ, ಆದ್ರೆ ಲೂಸ್ ಆಗಿ ಮತ್ತೆ ಅದೇ ಕಥೆ.

ಪೋಲಾರಿಟಿ ಚೆಕ್ ಮಾಡಿ ಸಿಕ್ಕಿಸಿ, ಮತ್ತೆ ಅಳೆದೆವು: 0.01 ವೋಲ್ಟ್. ಲ್ಯಾಂಪ್ ಎರಡು ಗಂಟೆ ಉರಿಯಿತು. ಖರ್ಚು ಒಂದು ಟೀಗಿಂತ ಕಡಿಮೆ.

ಗೇಟಿಗೆ ಹೋಗಿ ಕೊಟ್ಟಾಗ ಅಂಕಲ್ ತಿರುಗಿಸಿ ನೋಡಿ, "ಬ್ಯಾಟರಿ ಎಷ್ಟಾಯ್ತಪ್ಪಾ?" ಅಂದರು.

"ಹಳೇದೇ ಅಂಕಲ್. ನಾವೇ ತಪ್ಪು ಹೇಳಿದ್ವಿ."