ಬಡಾವಣೆಗಳ ಮಾರ್ಪಾಟು

ನೆರೆಕರೆಯ ರೂಪವು ಕೆಟ್ಟಾಗ ‘ಕಾಲಮಹಿಮೆ’ಯೆಂದು ನಿಟ್ಟುಸಿರಿಟ್ಟು ಸುಮ್ಮನಾಗುವುದು ನಮ್ಮವರಿಗೆ ರೂಢಿಯಾಗಿದೆ. ಬೆಂಗಳೂರಿನ ಚರಿತ್ರೆಯನ್ನು ನೋಡಿದವರಿಗೆ ಈ ಮಾತು ಅರ್ಧಸತ್ಯವೆಂದು ತೋರದಿರದು.

ಕೆಂಪೇಗೌಡರ ಕಾಲದಿಂದ ಬೆಳೆದ ಪೇಟೆಯಲ್ಲಿ ಕಸುಬಿಗೊಂದು ಕೇರಿಯಿದ್ದಿತು. ಕುಂಬಾರಪೇಟೆ, ಅಕ್ಕಿಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. 1898ರಲ್ಲಿ ಪ್ಲೇಗು ರೈಲಿನ ದಾರಿಯಾಗಿ ಬಂದು ಆ ಇಕ್ಕಟ್ಟಾದ ಕೇರಿಗಳನ್ನು ಹೊಕ್ಕಿತು. ಮೊದಲೇ ಆಲೋಚನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿಗಳ ನಿರ್ಮಾಣವನ್ನು ಸರ್ಕಾರವು ಆಗ ತ್ವರೆಗೊಳಿಸಿತು. ನೇರವಾದ ಬೀದಿ, ಮನೆಯ ಸುತ್ತ ಗಾಳಿ ಬೆಳಕಿಗೆ ತೆರಪು, ಹಿಂದೆ ನೈರ್ಮಲ್ಯಕ್ಕೆಂದು ಓಣಿ, ಹೀಗೆ ನಕ್ಷೆಯು ಸಿದ್ಧವಾಯಿತು. ಅನುಕೂಲಸ್ಥರು ಅತ್ತ ಸಾಗಿದರು. ಪೇಟೆಯ ಮನೆಗಳು ಕ್ರಮೇಣ ಮಳಿಗೆಗಳಾದುವು.

ಆ ಮಲ್ಲೇಶ್ವರವೇ ಈಗ ಬದಲಾಗುತ್ತಿದೆ. ತಂದೆಯು ಕಟ್ಟಿಸಿದ ಒಂದು ಮನೆಯು ನಾಲ್ವರು ಮಕ್ಕಳಿಗೆ ಪಾಲಾಗಬೇಕು. ಅಂಗಳವನ್ನೂ ಬಾವಿಯನ್ನೂ ಹಂಚುವುದು ಕಷ್ಟ. ಮಾರಿ ಹಣವನ್ನು ಹಂಚಿಕೊಳ್ಳುವುದು ಸುಲಭ. ಹೆಚ್ಚು ಬೆಲೆ ತೆತ್ತು ನೆಲವನ್ನು ಕೊಂಡವನು ಅಂತಸ್ತಿನ ಮೇಲೆ ಅಂತಸ್ತನ್ನು ಏರಿಸದೆ ಇರಲಾರನು. ಒಂದು ಸಂಸಾರಕ್ಕೆ ಸಾಕಾಗುತ್ತಿದ್ದ ಕೊಳಾಯಿ, ಚರಂಡಿಗಳು ಹತ್ತು ಸಂಸಾರಗಳ ಭಾರವನ್ನು ಹೊರಬೇಕಾಗಿದೆ.

ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವುದಿಲ್ಲ. ಮಲ್ಲೇಶ್ವರದ ಮೊದಲ ವಿಂಗಡಣೆಯಲ್ಲಿ ಜಾತಿಗೊಂದು ಭಾಗವನ್ನು ಗೊತ್ತುಮಾಡಿದ್ದರು. ಆ ಗೆರೆಗಳು ಮಸುಕಾದುದಕ್ಕಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ. ಉಳಿಯತಕ್ಕದ್ದಾವುದು, ಅಳಿಯತಕ್ಕದ್ದಾವುದು ಎಂಬುದನ್ನು ನಿರ್ಣಯಿಸುವವರು ಯಾರೆಂಬುದೇ ನಮ್ಮ ಪ್ರಶ್ನೆ. ಮನೆಯಿದ್ದಲ್ಲಿ ಮಳಿಗೆಗೂ, ಎರಡಂತಸ್ತಿನ ಬೀದಿಯಲ್ಲಿ ಐದಂತಸ್ತಿಗೂ ಅಪ್ಪಣೆ ಕೊಡುವವನು ಕಾಲಪುರುಷನಲ್ಲ. ಅದು ಕಚೇರಿಯ ಲೇಖನಿಯ ಕೆಲಸ.

1898ರಲ್ಲಿ ಸರ್ಕಾರವು ಬರೆದ ನಕ್ಷೆಗೆ ಪ್ರಜೆಗಳು ತಲೆಬಾಗಿದರು. ಈಗ ಸ್ವರಾಜ್ಯವು ಬಂದಿದೆ. ಪೌರಸಂಸ್ಥೆಯ 5 ವರ್ಷದ ಅವಧಿಯು ತೀರುವುದರೊಳಗೆ ಚುನಾವಣೆ ನಡೆಯಬೇಕೆಂದೂ, 3 ಲಕ್ಷ ಅಥವಾ ಹೆಚ್ಚು ಜನರುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದೂ 1992ರ 74ನೆಯ ಸಂವಿಧಾನ ತಿದ್ದುಪಡಿಯು ವಿಧಿಸಿತು. ಹೀಗಿದ್ದೂ ಬೆಂಗಳೂರಿನ ಪಾಲಿಕೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತವನ್ನು ನಡೆಸಿದರು. ಪ್ರತಿನಿಧಿಯಿಲ್ಲದ ಆ ಕಾಲದಲ್ಲಿಯೂ ಕಟ್ಟಡಗಳು ಏಳುವುದೇನೂ ನಿಲ್ಲಲಿಲ್ಲ.

ಬೀದಿಯ ನಕ್ಷೆಯನ್ನು ತಿದ್ದುವ ಮೊದಲು ಅಧಿಕಾರಿಗಳು ಬೀದಿಯವರನ್ನು ಕೇಳತಕ್ಕದ್ದು. ಕೇಳದೆ ಹೋದಲ್ಲಿ, ವಿದ್ಯಾವಂತರಾದ ಪೌರರು ಮನೆಯ ಜಗಲಿಯ ಮೇಲೆ ಕುಳಿತು ಮರುಗುವುದನ್ನು ಬಿಟ್ಟು, ವಾರ್ಡು ಸಮಿತಿಗೆ ಹೋಗಿ ತಮ್ಮ ಹಕ್ಕನ್ನು ಕೇಳುವುದು ಕರ್ತವ್ಯವಾಗಿದೆ.