ಬೆಲೆ ಸಾರಿದರೆ ಸಾಲದು

ಅನ್ನದ ಪ್ರಶ್ನೆಯೇ ರಾಷ್ಟ್ರದ ಮೊದಲನೆಯ ಪ್ರಶ್ನೆ. 1943ರಲ್ಲಿ ವಂಗದೇಶದ ಲಕ್ಷಾವಧಿ ಜನರು ಹಸಿವಿನಿಂದ ಮಡಿದುದನ್ನು ಕಂಡ ನಾಡಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪರದೇಶದ ಗೋದಿಯ ಹಡಗನ್ನು ಎದುರುನೋಡುತ್ತ ಬಾಳುವ ದೇಶವು ಸ್ವತಂತ್ರವೆನಿಸಿದರೂ ಸ್ವಾವಲಂಬಿಯೆನಿಸಲಾರದು. 1965ರಲ್ಲಿ ಭಾರತ ಸರಕಾರವು ಆಹಾರ ನಿಗಮವನ್ನೂ ಕೃಷಿ ಬೆಲೆಗಳ ಆಯೋಗವನ್ನೂ ಸ್ಥಾಪಿಸಿದುದು ಈ ಪರಾವಲಂಬನವನ್ನು ನೀಗುವುದಕ್ಕಾಗಿಯೇ. ಹೊಸ ತಳಿ, ನೀರು, ಗೊಬ್ಬರಗಳೊಡನೆ ಬೆಲೆಯ ಭರವಸೆಯೂ ಕೊಳ್ಳುವ ಕೈಯೂ ಕೂಡಿದ್ದರಿಂದ ಪಂಜಾಬ, ಹರಿಯಾಣಗಳು ದೇಶದ ಕಣಜವಾದವು.

ಆದರೆ ಆ ಕಣಜಕ್ಕೆ ಬಾಗಿಲುಗಳು ಎರಡೇ: ಅಕ್ಕಿಗೊಂದು, ಗೋದಿಗೊಂದು. ಮಳೆಯನ್ನೇ ನಂಬಿ ರಾಗಿ, ಜೋಳ, ಸಜ್ಜೆಗಳನ್ನು ಬೆಳೆಯುವ ರೈತನು ಬಹುಮಟ್ಟಿಗೆ ಹೊರಗೇ ಉಳಿದನು. ಸರಕಾರವು ಕೊಂಡದ್ದೇ ಪಡಿತರದ ಅಂಗಡಿಗೆ ಬಂದಿತು. ಅಂಗಡಿಗೆ ಬಂದದ್ದೇ ಜನರ ರೂಢಿಯಾಯಿತು. ರೂಢಿ ತಪ್ಪಿದ ಧಾನ್ಯಕ್ಕೆ ಹೊಲದಲ್ಲಿಯೂ ಜಾಗ ತಪ್ಪಿತು. ಇತ್ತ ನೀರಿಲ್ಲದ ನೆಲದ ಬೆಳೆಗಳು ಹಿಂದೆಬಿದ್ದವು. ಅತ್ತ ಪಂಜಾಬದಲ್ಲಿ ಬತ್ತಕ್ಕಾಗಿ ಬಗೆದ ಅಂತರ್ಜಲವು ಪಾತಾಳ ಸೇರಿತು.

ಬೆಲೆಯನ್ನು ಸಾರಿಲ್ಲವೇ ಎಂದು ಕೇಳುವವರುಂಟು. ಸಾರಿರುವುದು ನಿಜ. 2025-26ರ ಮುಂಗಾರಿಗೆ ಕ್ವಿಂಟಲ್ ಬತ್ತಕ್ಕೆ 2,369 ರೂಪಾಯಿ, ರಾಗಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತಾಯಿತು. ಆದರೆ ಕೊಳ್ಳುವವರಿಲ್ಲದ ಬೆಲೆ ಕಾಗದದ ಬೆಲೆ. ದೇಶದ ರೈತರಲ್ಲಿ ನೂರಕ್ಕೆ ಆರು ಮಂದಿ ಮಾತ್ರವೇ ಬೆಂಬಲ ಬೆಲೆಗೆ ಮಾರುತ್ತಾರೆಂದು ಶಾಂತಕುಮಾರ ಸಮಿತಿಯು 2015ರಲ್ಲಿ ವರದಿ ಮಾಡಿತು. ಕಣದಲ್ಲಿ ರಾಶಿ ಬಿದ್ದ ದಿನವೇ ಸಾಲಗಾರನು ಬಾಗಿಲಲ್ಲಿ ನಿಂತಿರುವಾಗ, ಸಣ್ಣ ಹಿಡುವಳಿದಾರನು ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವನೇ? ವ್ಯಾಪಾರಿ ಹೇಳಿದ್ದೇ ಆಗ ದರ.

ರಾಗಿಯ ಇಳುವರಿ ಕಡಿಮೆ, ಅದರಿಂದ ಕೋಟ್ಯಂತರ ಜನರ ಹೊಟ್ಟೆ ತುಂಬೀತೇ ಎಂಬ ಆಕ್ಷೇಪವಿದೆ. ಬತ್ತವನ್ನು ಕಿತ್ತು ರಾಗಿಯನ್ನು ನೆಡಿರೆಂದು ಯಾರೂ ಹೇಳುತ್ತಿಲ್ಲ. ಬತ್ತ ಬೆಳೆಯಲಾಗದ ನೆಲದಲ್ಲಿ ಬೆಳೆದ ರಾಗಿಯು ದೇಶಕ್ಕೆ ದೊರೆತ ಹೆಚ್ಚಿನ ಅನ್ನ. ಅದು ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವುದು. ಅದರ ಸುಣ್ಣದ ಸತ್ವಕ್ಕೆ ಅಕ್ಕಿಯು ಸರಿಗಟ್ಟಲಾರದು. 2013ರ ಆಹಾರ ಭದ್ರತೆಯ ಕಾನೂನು ಈ ಧಾನ್ಯಗಳ ವಿತರಣೆಗೂ ಎಡೆಗೊಟ್ಟಿದೆ. ರಾಗಿಯನ್ನು ಕೊಂಡು ಪಡಿತರದಲ್ಲಿ ಹಂಚಿದ ಕರ್ನಾಟಕವು ದಾರಿಯನ್ನೂ ತೋರಿಸಿದೆ.

2023ನ್ನು ಸಿರಿಧಾನ್ಯಗಳ ವರ್ಷವೆಂದು ಭಾರತದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆಯು ಆಚರಿಸಿತು. ಉತ್ಸವ ಮುಗಿಯಿತು, ಕರ್ತವ್ಯ ಮುಗಿದಿಲ್ಲ. ಸುಗ್ಗಿಗೆ ಮೊದಲೇ ಹೋಬಳಿಗೊಂದು ಖರೀದಿ ಕೇಂದ್ರ, ತೂಕವಾದ ವಾರದೊಳಗೆ ಹಣ, ಕೊಂಡ ಧಾನ್ಯಕ್ಕೆ ಅದೇ ಸೀಮೆಯ ಅಂಗಡಿಯಲ್ಲಿ ವಿತರಣೆ: ಇಷ್ಟನ್ನು ಸರಕಾರವು ನಡೆಸಿಕೊಡಲಿ. ಉಳಿದುದನ್ನು ಒಣಭೂಮಿಯ ರೈತನೇ ನೋಡಿಕೊಳ್ಳುವನು.