ಮೇಪಲ್ ಸಿರಪ್: ಸೋಸಿ ತುಂಬುವ ಕುಶಲತೆ

ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮೇನ್ ರಾಜ್ಯಗಳಲ್ಲೂ ಗಡಿಯಾಚೆ ಕೆನಡಾದ ಕ್ವಿಬೆಕ್, ಒಂಟಾರಿಯೊಗಳಲ್ಲೂ ಚಳಿಗಾಲ ಹಿಂದೆ ಸರಿಯುವ ಹೊತ್ತಿಗೆ ಮರಗಳ ಸುಗ್ಗಿ ಶುರುವಾಗುತ್ತದೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವ ಬಿಸಿಲು ಇದ್ದರೆ ಮೇಪಲ್ ಮರದಲ್ಲಿ ಕೊರೆದ ಸಣ್ಣ ರಂಧ್ರದಿಂದ ರಸ ತೊಟ್ಟಿಕ್ಕುತ್ತದೆ. ಯುರೋಪಿನವರು ಬರುವುದಕ್ಕೆ ಮೊದಲೇ ಅಬೆನಾಕಿ, ಅನಿಶಿನಾಬೆ ಮುಂತಾದ ಮೂಲನಿವಾಸಿಗಳು ಈ ರಸವನ್ನು ಬಳಸುತ್ತಿದ್ದರು. ಇಂದು ಜಗತ್ತಿನ ಮೇಪಲ್ ಸಿರಪ್‌ನ ಬಹುಪಾಲು ಕ್ವಿಬೆಕ್‌ನಿಂದ ಬರುತ್ತದೆ. ಅದರ ಜೊತೆಗೇ, ಹಿತ್ತಲಿನ ನಾಲ್ಕಾರು ಮರಗಳಿಂದ ಮನೆಮಟ್ಟಿಗೆ ಸಿರಪ್ ಮಾಡಿಕೊಳ್ಳುವ ಕುಟುಂಬಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ.

ರಸ ನೋಡಲು ನೀರಿನ ಹಾಗೆ. ಅದರಲ್ಲಿರುವ ಸಕ್ಕರೆ ಸುಮಾರು ಶೇ 2 ಮಾತ್ರ. ಎಷ್ಟು ರಸಕ್ಕೆ ಎಷ್ಟು ಸಿರಪ್ ಎಂಬುದಕ್ಕೆ ಒಂದು ಸರಳ ಸೂತ್ರವಿದೆ: 86ನ್ನು ರಸದ ಸಕ್ಕರೆ ಪ್ರಮಾಣದಿಂದ ಭಾಗಿಸಬೇಕು. ಶೇ 2 ಸಕ್ಕರೆಯಿದ್ದರೆ ಒಂದು ಲೀಟರ್ ಸಿರಪ್‌ಗೆ 43 ಲೀಟರ್ ರಸ ಬೇಕು. ಅಷ್ಟು ನೀರನ್ನು ಆವಿ ಮಾಡಲು ಗಂಟೆಗಟ್ಟಲೆ ಉರಿ ಬೇಕು. ಹೊಸಬರ ಗಮನವೆಲ್ಲ ಈ ಒಲೆ, ಬಾಣಲೆಗಳ ಮೇಲೆಯೇ ಇರುತ್ತದೆ. ಆದರೆ ಇಷ್ಟು ದುಡಿದು ಇಳಿಸಿದ ಪಾಕ ತಿಳಿಯಾಗುತ್ತದೋ ಬಗ್ಗಡವಾಗುತ್ತದೋ, ವರ್ಷ ಕಳೆದರೂ ಉಳಿಯುತ್ತದೋ ತಿಂಗಳಲ್ಲಿ ಬೂಸಲು ಹಿಡಿಯುತ್ತದೋ ಎಂಬುದು ತೀರ್ಮಾನವಾಗುವುದು ಕೊನೆಯಲ್ಲಿ, ಸೋಸಿ ಬಾಟಲಿಗೆ ತುಂಬುವಾಗ.

ಮರಳು ಎಲ್ಲಿಂದ ಬಂತು?

ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕೊಳೆ ಮೇಲಕ್ಕೆ ತೇಲಿ ಬರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ಮೇಪಲ್‌ನ ತೊಡಕು ಬೇರೆ ಬಗೆಯದು. ರಸದಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮ್ಯಾಲಿಕ್ ಆಮ್ಲ, ನೀರು ಇಂಗಿದಂತೆ ಒಂದಾಗಿ ನುಣ್ಣನೆಯ ಹರಳುಗಳಾಗುತ್ತವೆ. ಅಲ್ಲಿನವರು ಇದನ್ನು ‘ಶುಗರ್ ಸ್ಯಾಂಡ್’ ಅಥವಾ ‘ನೈಟರ್’ ಎನ್ನುತ್ತಾರೆ. ತಿಂದರೆ ಅಪಾಯವಿಲ್ಲ, ಆದರೆ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ, ಬಾಟಲಿಯ ತಳದಲ್ಲಿ ಮಡ್ಡಿಯಾಗಿ ಕೂರುತ್ತದೆ. ರಸವನ್ನು ಮೊದಲೇ ಎಷ್ಟು ಸೋಸಿದರೂ ಇದು ಹೋಗುವುದಿಲ್ಲ. ಪಾಕ ಹದಕ್ಕೆ ಬಂದ ಮೇಲೆ, ಬಿಸಿಯಿದ್ದಾಗಲೇ ಸೋಸಬೇಕು.

ಮೊದಲು ಹದ ನೋಡುವ ಸಾಧನ

ನೀರು ಕುದಿಯುವ ಉಷ್ಣಾಂಶಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಪಾಕ ಹದವಾಗುತ್ತದೆ. ನೀರು ಕುದಿಯುವ ಉಷ್ಣಾಂಶ ಊರಿನ ಎತ್ತರಕ್ಕೂ ಆ ದಿನದ ಹವೆಗೂ ತಕ್ಕಂತೆ ಬದಲಾಗುವುದರಿಂದ ಥರ್ಮಾಮೀಟರ್ ಒಂದನ್ನೇ ನಂಬಬಾರದು. ಸಿರಪ್‌ಗೆಂದೇ ಮಾಡಿದ ಹೈಡ್ರೋಮೀಟರ್ ಮತ್ತು ಅದಕ್ಕೆ ಹೊಂದುವ ಎತ್ತರದ ಲೋಹದ ಲೋಟ ಕೊಳ್ಳಬೇಕು. ಹೈಡ್ರೋಮೀಟರ್‌ನಲ್ಲಿ ಬಿಸಿ ಪಾಕಕ್ಕೊಂದು, ತಣ್ಣನೆಯ ಪಾಕಕ್ಕೊಂದು ಕೆಂಪು ಗೆರೆ ಇರುತ್ತದೆ. ಸಕ್ಕರೆ ಸಾಂದ್ರತೆಯನ್ನು ಬ್ರಿಕ್ಸ್ ಮಾನದಲ್ಲಿ ಅಳೆಯುತ್ತಾರೆ. ಸಿರಪ್ ಎನಿಸಿಕೊಳ್ಳಲು ಕನಿಷ್ಠ 66 ಬ್ರಿಕ್ಸ್ ಇರಬೇಕು. ವರ್ಮಾಂಟ್ ರಾಜ್ಯ 66.9 ಕೇಳುತ್ತದೆ. ಇದಕ್ಕಿಂತ ತೆಳುವಾದರೆ ಹುಳಿಯುತ್ತದೆ, 69ರ ಹತ್ತಿರ ಹೋದರೆ ಬಾಟಲಿಯೊಳಗೆ ಕಲ್ಲುಸಕ್ಕರೆ ಕಟ್ಟುತ್ತದೆ. ಉಪಕರಣದ ಗಾಜಿಗೆ ಒಣಗಿದ ಪಾಕ ಅಂಟಿದ್ದರೂ ಅಳತೆ ತಪ್ಪುತ್ತದೆ. ಆದ್ದರಿಂದ ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯಬೇಕು.

ಎಷ್ಟು ಪಾಕಕ್ಕೆ ಯಾವ ಸೋಸುಬಟ್ಟೆ?

ಅಡುಗೆಮನೆಯ ತೆಳು ಬಟ್ಟೆ ಮೇಪಲ್ ಮರಳನ್ನು ತಡೆಯುವುದಿಲ್ಲ. ಕಾಫಿ ಸೋಸುವ ಕಾಗದ ತಡೆಯುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ಕೆಲವೇ ಲೀಟರ್ ಮಾಡುವವರಿಗೆ ಸರಿಯಾದದ್ದು ಶಂಕುವಿನಾಕಾರದ ದಪ್ಪ ಫೆಲ್ಟ್ ಚೀಲ. ಉಣ್ಣೆಯದೂ ಇದೆ, ಕೃತಕ ನಾರಿನದೂ ಇದೆ. ಅದರೊಳಗೆ ತೆಳುವಾದ ಒಳಚೀಲಗಳನ್ನು ಒಂದರೊಳಗೊಂದು ಮೂರು ನಾಲ್ಕು ಕೂರಿಸಬೇಕು. ಮೇಲಿನದು ಕಟ್ಟಿಕೊಂಡಾಗ ಉಳಿದ ಪಾಕವನ್ನು ಕೆಳಗಿನದಕ್ಕೆ ಬಿಟ್ಟು ಅದನ್ನು ಎತ್ತಿಬಿಟ್ಟರಾಯಿತು. ಕೆಲಸ ನಿಲ್ಲುವುದಿಲ್ಲ, ದಪ್ಪ ಚೀಲವೂ ಬೇಗ ಕಟ್ಟಿಕೊಳ್ಳುವುದಿಲ್ಲ. ಇದೇ ಬಟ್ಟೆಯನ್ನು ಚಪ್ಪಟೆ ಹಾಳೆಯಾಗಿ ಪಾತ್ರೆಯ ಬಾಯಿಗೆ ಹಾಸುವ ವ್ಯವಸ್ಥೆಯೂ ಇದೆ. ಪಾಕ ಹರಡಿಕೊಳ್ಳುವ ಜಾಗ ಹೆಚ್ಚಿರುವುದರಿಂದ ಅದು ಬೇಗ ಇಳಿಯುತ್ತದೆ.

ಚೀಲದ ಆರೈಕೆಯೂ ಆಯ್ಕೆಯಷ್ಟೇ ಮುಖ್ಯ. ಹೊಸ ಚೀಲವನ್ನು ಬರಿ ನೀರಿನಲ್ಲಿ ಕುದಿಸಿ ವಾಸನೆ ಕಳೆಯಬೇಕು. ಸೋಸುವ ಮುನ್ನ ಬಿಸಿನೀರಿನಲ್ಲಿ ನೆನೆಸಿ ಮೆಲ್ಲಗೆ ಅದುಮಿ ತೆಗೆಯಬೇಕು. ಒಣ ಬಟ್ಟೆ ಪಾಕವನ್ನೇ ಕುಡಿಯುತ್ತದೆ. ಹಿಂಡಿದರೆ ಬಟ್ಟೆಯ ನಾರು ಸಡಿಲವಾಗಿ ಮರಳು ನುಸುಳುತ್ತದೆ. ಸೋಪು, ಡಿಟರ್ಜೆಂಟ್ ಸೋಕಿಸಲೇಬಾರದು. ಪೂರ್ತಿ ಒಣಗಿಸದೆ ಮಡಚಿಟ್ಟರೆ ಮುಗ್ಗಲು ವಾಸನೆ ಬರುತ್ತದೆ, ನುಸಿಗುಳಿಗೆ ಜೊತೆ ಇಟ್ಟರೆ ಅದರ ವಾಸನೆ ಹತ್ತುತ್ತದೆ. ಹಾಗಾದ ಒಂದೇ ಚೀಲ ಮುಂದಿನ ವರ್ಷದ ಪಾಕವನ್ನೆಲ್ಲ ಕೆಡಿಸಬಲ್ಲದು.

ಒಂದೇ ದಿನ ಹತ್ತಾರು ಲೀಟರ್ ಇಳಿಸುವವರು ನಿರ್ವಾತದಿಂದ ಪಾಕವನ್ನು ಎಳೆದುಕೊಳ್ಳುವ ಸೋಸುಪೆಟ್ಟಿಗೆಯನ್ನು ನೋಡಬಹುದು. ಅದಕ್ಕೂ ಮೇಲಿನದು ಫಿಲ್ಟರ್ ಪ್ರೆಸ್. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಪಳೆಯುಳಿಕೆಯಿಂದ ಸಿಗುವ ಪುಡಿಯನ್ನು ಪಾಕಕ್ಕೆ ಬೆರೆಸಿ, ಸಾಲಾಗಿ ಜೋಡಿಸಿದ ತಟ್ಟೆ, ಕಾಗದಗಳ ನಡುವೆ ಪಂಪಿನಿಂದ ತಳ್ಳುತ್ತಾರೆ. ಪುಡಿ ಕಾಗದದ ಮೇಲೆ ಪದರವಾಗಿ ಕೂತು ಮರಳನ್ನು ಹಿಡಿಯುತ್ತದೆ, ಸಿರಪ್ ಗಾಜಿನಂತೆ ತಿಳಿಯಾಗಿ ಹೊರಬರುತ್ತದೆ. ಈಜುಕೊಳಕ್ಕೆ ಬಳಸುವ ಪುಡಿ ಇದಕ್ಕೆ ಸಲ್ಲದು, ಆಹಾರ ದರ್ಜೆಯದೇ ಬೇಕು. ಬೆರೆಸುವಾಗ ದೂಳು ಉಸಿರಿಗೆ ಹೋಗದಂತೆ ಮುಖಗವಸು ಧರಿಸಬೇಕು. ನಾಲ್ಕಾರು ಮರದವರಿಗೆ ಪ್ರೆಸ್‌ನ ಖರ್ಚು ದಂಡ.

ತುಂಬುವ ಪಾತ್ರೆ

ತುಂಬುವಾಗ ಸಿರಪ್ 82ರಿಂದ 88 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಅದಕ್ಕಿಂತ ತಣ್ಣಗಿದ್ದರೆ ಬೂಸಲಿಗೆ ದಾರಿ. ಮೀರಿ ಕಾಯಿಸಿದರೆ ಸೋಸಿದ ಪಾಕದಲ್ಲೇ ಹೊಸ ಮರಳು ಹುಟ್ಟುತ್ತದೆ. ಈ ಕಿರಿದಾದ ಅಂತರವನ್ನು ಹಿಡಿದಿಡುವುದೇ ತುಂಬುವ ಪಾತ್ರೆಯ ಕೆಲಸ. ದೊಡ್ಡ ಮಟ್ಟದಲ್ಲಿ ಮಾಡುವವರು ಸುತ್ತಲೂ ಬಿಸಿನೀರಿನ ಕವಚವಿರುವ ಪಾತ್ರೆ ಬಳಸುತ್ತಾರೆ, ಅದರಲ್ಲಿ ತಳ ಹಿಡಿಯುವ ಭಯವಿಲ್ಲ. ಮನೆಮಟ್ಟಿಗೆ ಸಮಾರಂಭಗಳಲ್ಲಿ ಕಾಫಿ ಕಾಯಿಸುವ, ನಲ್ಲಿಯಿರುವ ಸ್ಟೀಲ್ ಪಾತ್ರೆಯೇ ಸಾಕು. ಒಳಗಿನ ಕಾಫಿ ಜರಡಿ ತೆಗೆದು, ಬಾಯಿಗೆ ಫೆಲ್ಟ್ ಕಟ್ಟಿದರೆ ಸೋಸುವುದೂ ತುಂಬುವುದೂ ಒಂದರಲ್ಲೇ ಆಗುತ್ತದೆ. ಕಾಫಿ ಕುದಿಸಿದ ಹಳೆಯ ಪಾತ್ರೆ ಮಾತ್ರ ಬೇಡ, ವಾಸನೆ ಬಿಡುವುದಿಲ್ಲ.

ಪಾತ್ರೆ ಯಾವುದೇ ಇರಲಿ, ಆಹಾರ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನದಾಗಿರಲಿ. ಹಳೆಯ ಬಕೆಟ್, ಬಾಣಲೆಗಳ ಬೆಸುಗೆಯಲ್ಲಿ ಸೀಸವಿರಬಹುದು. ಹಿತ್ತಾಳೆಯ ನಲ್ಲಿಯಲ್ಲೂ ಇರಬಹುದು. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ವಸ್ತುಗಳಲ್ಲ ಇವು.

ಗಾಜೋ ಪ್ಲಾಸ್ಟಿಕ್ಕೋ?

ಪ್ಲಾಸ್ಟಿಕ್ ಜಗ್ಗು ಹಗುರ, ಒಡೆಯುವುದಿಲ್ಲ. ಆದರೆ ಸಾಮಾನ್ಯ ಪ್ಲಾಸ್ಟಿಕ್ ಗಾಳಿಯನ್ನು ನಿಧಾನವಾಗಿ ಒಳಬಿಡುವುದರಿಂದ ತಿಂಗಳುಗಳಲ್ಲಿ ಸಿರಪ್‌ನ ಬಣ್ಣ ಕಪ್ಪಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಇಡಲು ಗಾಜೇ ಸರಿ. ಗಾಜನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಬೇಕು, ಇಲ್ಲವಾದರೆ ಸೀಳುತ್ತದೆ. ಕುತ್ತಿಗೆಯವರೆಗೆ ತುಂಬಿ, ಹೊಸ ಮುಚ್ಚಳ ಬಿಗಿದು, ಕೆಲವು ನಿಮಿಷ ಅಡ್ಡ ಮಲಗಿಸಿದರೆ ಬಿಸಿ ಪಾಕ ಮುಚ್ಚಳದ ಒಳಮೈಯನ್ನೂ ಶುದ್ಧಮಾಡುತ್ತದೆ. ಬಿಸಿ ಬಾಟಲಿಗಳನ್ನು ಒತ್ತೊತ್ತಾಗಿ ಜೋಡಿಸಬಾರದು. ಶಾಖ ಹೋಗಲು ಜಾಗವಿಲ್ಲದೆ ನಡುವಿನ ಬಾಟಲಿಗಳ ಬಣ್ಣ, ರುಚಿ ಎರಡೂ ಕೆಡುತ್ತವೆ. ಮುಚ್ಚಳ ತೆರೆದ ಮೇಲೆ ಫ್ರಿಜ್ಜೇ ಅದರ ಜಾಗ.

ಬಾಸ್ಟನ್‌ನಲ್ಲೋ ಟೊರಾಂಟೊದಲ್ಲೋ ಇರುವ ಕನ್ನಡಿಗರೇ, ನಿಮ್ಮ ಹಿತ್ತಲಲ್ಲಿ ಮೇಪಲ್ ಮರವಿದ್ದರೆ ಮೊದಲ ವರ್ಷ ನಾಲ್ಕೇ ವಸ್ತುಗಳಿಗೆ ಹಣ ಹಾಕಿ: ಒಳ್ಳೆಯ ಹೈಡ್ರೋಮೀಟರ್, ಒಳಚೀಲಗಳ ಸಮೇತ ಒಂದು ಫೆಲ್ಟ್ ಚೀಲ, ನಲ್ಲಿಯಿರುವ ಸ್ಟೀಲ್ ಪಾತ್ರೆ, ಹೊಸ ಮುಚ್ಚಳದ ಗಾಜಿನ ಬಾಟಲಿಗಳು. ಮಾರ್ಚ್‌ನಲ್ಲಿ ವರ್ಮಾಂಟ್‌ನ ಅನೇಕ ಶುಗರ್‌ಹೌಸ್‌ಗಳು, ಅಂದರೆ ಸಿರಪ್ ಕಾಯಿಸುವ ಮನೆಗಳು, ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ದೊಡ್ಡ ಯಂತ್ರಗಳನ್ನು ಕೊಳ್ಳುವ ಮೊದಲು ಅಲ್ಲಿಗೆ ಹೋಗಿ, ಅವರು ಸೋಸುವುದನ್ನೂ ತುಂಬುವುದನ್ನೂ ಹತ್ತಿರ ನಿಂತು ನೋಡಿ ಬನ್ನಿ.